ಕೋಣೆಯೊಳಗಿದ್ದ ಮಗನಿಗೆ ಯುರೋಪಿನ ತುಂಬ ಗೆಳೆಯರು

ಓಸ್ಲೋದ ಮ್ಯಾಟ್ಸ್ ಸ್ಟೀನ್ ಬಾಳಿದ ಎರಡು ಬದುಕು

ಮಗ ಕಂಪ್ಯೂಟರಿನ ಮುಂದೆ ಕುಳಿತರೆ ಊಟಕ್ಕೆ ಕರೆದರೂ ಏಳುವುದಿಲ್ಲ ಎಂಬುದು ಇಂದು ಮನೆಮನೆಯ ದೂರು. ಸಂಘದ ವಾರ್ಷಿಕೋತ್ಸವ ಇರಲಿ, ಅರಸಿನ ಕುಂಕುಮ ಇರಲಿ, ನಾಲ್ಕು ಮಂದಿ ಹೆತ್ತವರು ಒಂದೆಡೆ ಸೇರಿದರೆ ಈ ಮಾತು ಬಂದೇ ಬರುತ್ತದೆ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಬಾಗಿಲು ಹಾಕಿಕೊಂಡು, ತಾನೊಬ್ಬನೇ ಯಾರೊಂದಿಗೋ ನಗುವ ಮಗನನ್ನು ಕಂಡು ತಾಯಂದಿರು ಕಳವಳಗೊಳ್ಳುತ್ತಾರೆ. ಮಗ ಎಷ್ಟು ಗಂಟೆ ಆಡಿದ ಎಂಬ ಲೆಕ್ಕ ಎಲ್ಲ ಹೆತ್ತವರ ಬಳಿಯೂ ಇರುತ್ತದೆ. ಯಾರೊಂದಿಗೆ ಆಡಿದ ಎಂಬ ಲೆಕ್ಕ ಮಾತ್ರ ಹೆಚ್ಚಿನವರ ಬಳಿ ಇರುವುದಿಲ್ಲ.

ನಾರ್ವೆ ದೇಶದ ರಾಜಧಾನಿ ಓಸ್ಲೋದಲ್ಲಿ ಒಂದು ಕುಟುಂಬ ಈ ಎರಡನೆಯ ಲೆಕ್ಕವನ್ನು ತೆರೆದು ನೋಡಿದ್ದು ಮಗ ತೀರಿಕೊಂಡ ಮೇಲೆ. ಆ ಮಗನ ಹೆಸರು ಮ್ಯಾಟ್ಸ್ ಸ್ಟೀನ್. 1989ರಲ್ಲಿ ಹುಟ್ಟಿ 2014ರ ನವೆಂಬರ್ 18ರಂದು, 25ನೆಯ ವಯಸ್ಸಿನಲ್ಲಿ ನಿಧನನಾದ ಈ ಯುವಕನ ಕತೆ ಇಂದು ಸಾಕ್ಷ್ಯಚಿತ್ರವಾಗಿ ಜಗತ್ತಿನಾದ್ಯಂತ ಜನರನ್ನು ತಲುಪಿದೆ. ಕಂಪ್ಯೂಟರ್ ಆಟವೆಂದರೆ ಮೂಗು ಮುರಿಯುವವರೂ ಒಮ್ಮೆ ತಿಳಿದುಕೊಳ್ಳಬೇಕಾದ ಕತೆ ಇದು.

ಕೈಕಾಲು ಸೋತ ಬಾಲ್ಯ

ಮ್ಯಾಟ್ಸ್‌ಗೆ ಸುಮಾರು ನಾಲ್ಕು ವರ್ಷವಾದಾಗ ವೈದ್ಯರು ಅವನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಇದೆಯೆಂದು ತಿಳಿಸಿದರು. ಸ್ನಾಯುಗಳು ಸವೆಯದಂತೆ ಕಾಯುವ ಡಿಸ್ಟ್ರೋಫಿನ್ ಎಂಬ ಪ್ರೋಟೀನು ದೇಹದಲ್ಲಿ ತಯಾರಾಗದಿರುವುದೇ ಈ ಕಾಯಿಲೆಯ ಮೂಲ. ದೋಷವಿರುವ ಜೀನ್ 'ಎಕ್ಸ್' ವರ್ಣತಂತುವಿನಲ್ಲಿ ಇರುವುದರಿಂದ ಕಾಯಿಲೆ ಕಾಣಿಸಿಕೊಳ್ಳುವುದು ಬಹುಪಾಲು ಗಂಡುಮಕ್ಕಳಲ್ಲಿ. ಮೊದಲು ಓಡುವಾಗ ಬೀಳುವುದು, ಮೆಟ್ಟಿಲು ಹತ್ತಲು ಕಷ್ಟವಾಗುವುದು, ಆಮೇಲೆ ಗಾಲಿಕುರ್ಚಿ, ಕೊನೆಗೆ ಉಸಿರಾಟದ ಮತ್ತು ಹೃದಯದ ಸ್ನಾಯುಗಳೂ ಸೋಲುವುದು. ಔಷಧ ಮತ್ತು ಉಸಿರಾಟದ ಯಂತ್ರಗಳಿಂದ ಆಯುಷ್ಯ ಒಂದಿಷ್ಟು ಹೆಚ್ಚಿದ್ದರೂ ಕಾಯಿಲೆಯನ್ನು ಪೂರ್ತಿ ಗುಣಪಡಿಸುವ ಚಿಕಿತ್ಸೆ ಇನ್ನೂ ಬಂದಿಲ್ಲ.

ಶಾಲೆಯ ಬಿಡುವಿನಲ್ಲಿ ಓರಗೆಯ ಹುಡುಗರು ಚೆಂಡಿನ ಹಿಂದೆ ಓಡುತ್ತಿದ್ದಾಗ ಮ್ಯಾಟ್ಸ್ ಏನು ಮಾಡಬೇಕು? ತಂದೆ ರಾಬರ್ಟ್, ತಾಯಿ ಟ್ರೂಡೆ ಅವರಿಗೆ ಹೊಳೆದ ಉತ್ತರ ಕಂಪ್ಯೂಟರ್ ಆಟ. ಕುಳಿತಲ್ಲಿಂದಲೇ ಆಡಬಹುದು, ಬೆರಳು ಆಡಿದರೆ ಸಾಕು. ಮಗನಿಗೆ ಹೊತ್ತು ಹೋಗಲಿ ಎಂಬುದಷ್ಟೇ ಅವರ ಉದ್ದೇಶವಾಗಿತ್ತು.

ಆಟಗಳಲ್ಲಿ ಎರಡು ಜಾತಿ

ಇಲ್ಲಿ ಆಟಗಳ ಬಗ್ಗೆ ಎರಡು ಮಾತು ಅಗತ್ಯ. ಹಿರಿಯರ ಕಣ್ಣಿಗೆ ಎಲ್ಲವೂ ಒಂದೇ ರೀತಿ ಕಾಣುತ್ತವೆ. ಆದರೆ ಆಡುವವರಿಗೆ ಅವು ಬೇರೆ ಬೇರೆ ಲೋಕ.

ಒಂದು ಜಾತಿ ಸಿಮ್ಯುಲೇಶನ್, ಅಂದರೆ ನಿಜವಾದ ಕೆಲಸದ ಅನುಕರಣೆ. ವಿಮಾನ ಹಾರಿಸುವ 'ಫ್ಲೈಟ್ ಸಿಮ್ಯುಲೇಟರ್' ಆಟವನ್ನು ಮೈಕ್ರೋಸಾಫ್ಟ್ ಕಂಪೆನಿ 1982ರಲ್ಲೇ ಹೊರತಂದಿತ್ತು. 1989ರ 'ಸಿಮ್ ಸಿಟಿ'ಯಲ್ಲಿ ರಸ್ತೆ, ವಿದ್ಯುತ್ತು, ತೆರಿಗೆ ಎಲ್ಲವನ್ನೂ ನೋಡಿಕೊಂಡು ಒಂದು ನಗರವನ್ನೇ ಕಟ್ಟಿ ಆಳಬೇಕು. 2000ದ 'ದಿ ಸಿಮ್ಸ್'ನಲ್ಲಿ ಸಂಸಾರ ನಡೆಸಬೇಕು. ಈ ಜಾತಿಯ ಆಟದಿಂದ ನಿಜಜೀವನದ ದಾರಿ ಕಂಡುಕೊಂಡವರೂ ಇದ್ದಾರೆ. ಬ್ರಿಟನ್ನಿನ ಜಾನ್ ಮಾರ್ಡನ್‌ಬರೋ 'ಗ್ರಾನ್ ಟುರಿಸ್ಮೊ' ಎಂಬ ಕಾರು ಓಟದ ಆಟ ಆಡುತ್ತಲೇ 2011ರಲ್ಲಿ ಅದರ ಆಟಗಾರರಿಗಾಗಿ ನಡೆದ ಸ್ಪರ್ಧೆ ಗೆದ್ದು, 2013ರಲ್ಲಿ ಫ್ರಾನ್ಸಿನ ಪ್ರಸಿದ್ಧ ಲೆ ಮಾನ್ಸ್ 24 ಗಂಟೆಗಳ ಓಟದಲ್ಲಿ ನಿಜವಾದ ರೇಸ್ ಕಾರು ಓಡಿಸಿದರು.

ಇನ್ನೊಂದು ಜಾತಿ ರೋಲ್ ಪ್ಲೇಯಿಂಗ್, ಅಂದರೆ ಪಾತ್ರ ಧರಿಸಿ ಆಡುವ ಆಟ. ಯಕ್ಷಗಾನ ಕಂಡು ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹಗಲು ಹೋಟೆಲಿನ ಗಲ್ಲಾದಲ್ಲಿ ಕುಳಿತವನು ರಾತ್ರಿ ಕಿರೀಟ ಕಟ್ಟಿ ಅರ್ಜುನನಾಗುತ್ತಾನೆ. ವೇಷ ಕಟ್ಟಿದ ಮೇಲೆ ಮಾತು, ನಡೆ, ಎದುರಾಳಿಗೆ ಕೊಡುವ ಉತ್ತರ ಎಲ್ಲವನ್ನೂ ಆ ಕ್ಷಣದಲ್ಲಿ ಅವನೇ ಹೊಂದಿಸಿಕೊಳ್ಳಬೇಕು. ರೋಲ್ ಪ್ಲೇಯಿಂಗ್ ಆಟದಲ್ಲೂ ಹಾಗೆಯೇ. ವ್ಯತ್ಯಾಸವೆಂದರೆ ಎದುರು ವೇಷದವನು ಸಾವಿರ ಮೈಲಿ ದೂರದ ಮನೆಯಲ್ಲಿ ಕುಳಿತಿರುತ್ತಾನೆ, ಮಾತು ಟೈಪು ಮಾಡಿದ ಅಕ್ಷರಗಳಲ್ಲಿ ಬರುತ್ತದೆ.

ಅಮೆರಿಕದ ಬ್ಲಿಝಾರ್ಡ್ ಕಂಪೆನಿ 2004ರಲ್ಲಿ ಹೊರತಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಈ ಜಾತಿಯಲ್ಲಿ ಅತ್ಯಂತ ಹೆಸರಾದುದು. ತಿಂಗಳ ಚಂದಾ ಕಟ್ಟಿ ಆಡುವ ಈ ಆಟಕ್ಕೆ 2010ರಲ್ಲಿ 1 ಕೋಟಿ 20 ಲಕ್ಷ ಚಂದಾದಾರರಿದ್ದರು. ಕಾಡು, ಬೆಟ್ಟ, ಪೇಟೆ, ಛತ್ರ, ಯುದ್ಧಭೂಮಿಗಳಿರುವ ಅದರ ಕಲ್ಪಿತ ಲೋಕದ ಹೆಸರು ಅಝೆರೋತ್. ಮ್ಯಾಟ್ಸ್ ಕಾಲಿಟ್ಟದ್ದು ಈ ಲೋಕಕ್ಕೆ.

ಇಬೆಲಿನ್ ಎಂಬ ಇನ್ನೊಬ್ಬ

ಅಝೆರೋತ್‌ನಲ್ಲಿ ಮ್ಯಾಟ್ಸ್‌ನ ಮುಖ್ಯ ವೇಷದ ಹೆಸರು ಇಬೆಲಿನ್ ರೆಡ್‌ಮೂರ್. ಗಟ್ಟಿಮುಟ್ಟಾದ ಮೈಕಟ್ಟು, ಉದ್ದ ಕೂದಲು, ವೃತ್ತಿಯಲ್ಲಿ ಪತ್ತೇದಾರ. ಮನೆಯಲ್ಲಿ ಒಂದು ಹೆಜ್ಜೆ ಇಡಲಾಗದವನು ಅಲ್ಲಿ ಹೊಲ, ಕಾಡು, ಕೆರೆದಂಡೆ ಸುತ್ತಿ ಓಡುತ್ತಿದ್ದ. ಓಡುವುದೇ ಅವನಿಗೆ ಖುಷಿ.

ಅಲ್ಲಿ 'ಸ್ಟಾರ್‌ಲೈಟ್' ಎಂಬ ಆಟಗಾರರ ಒಂದು ಬಳಗವಿತ್ತು. ಇಂತಹ ಬಳಗಕ್ಕೆ ಆಟದ ಭಾಷೆಯಲ್ಲಿ ಗಿಲ್ಡ್ ಎನ್ನುತ್ತಾರೆ. ಸಂಘದಂತೆಯೇ ಇದಕ್ಕೂ ಸದಸ್ಯರು, ಮುಖಂಡರು, ಧ್ವಜ, ನಿಯಮ ಎಲ್ಲವೂ ಇರುತ್ತವೆ. ಯುರೋಪಿನ ಹಲವು ದೇಶಗಳ ಸುಮಾರು 30 ಮಂದಿಯ ಈ ಬಳಗದಲ್ಲಿ ಇಬೆಲಿನ್ ಎಂದರೆ ಕಷ್ಟಸುಖ ಕೇಳುವವನು ಎಂದೇ ಹೆಸರು.

ನೆದರ್‌ಲ್ಯಾಂಡ್ಸ್‌ನ ಒಬ್ಬಳು ಹುಡುಗಿ ಅವನ ಆಪ್ತ ಗೆಳತಿಯಾದಳು. ಅವಳ ವೇಷ ಇಬೆಲಿನ್‌ನ ಟೋಪಿ ಕಸಿದುಕೊಂಡು ಓಡಿದ್ದೇ ಪರಿಚಯಕ್ಕೆ ಮೊದಲು. ಮುಂದೆ ಅವಳ ಓದು ಹಿಂದೆ ಬಿತ್ತು, ಹೆತ್ತವರು ಆಟವನ್ನೇ ನಿಲ್ಲಿಸಿದರು. ಗೆಳೆಯರ ಸಂಪರ್ಕ ಕಡಿದು ಹುಡುಗಿ ತೀರಾ ಕುಗ್ಗಿದಳು. ಆಗ ಮ್ಯಾಟ್ಸ್ ಅವಳ ಹೆತ್ತವರಿಗೇ ಪತ್ರ ಬರೆದು, ಆ ಗೆಳೆತನ ಅವಳಿಗೆ ಎಷ್ಟು ಮುಖ್ಯವೆಂದು ಮನವರಿಕೆ ಮಾಡಲು ಯತ್ನಿಸಿದ.

ಬಳಗದಲ್ಲಿ ಡೆನ್ಮಾರ್ಕಿನ ಒಬ್ಬ ತಾಯಿಯೂ ಇದ್ದರು. ಆಕೆಯ ಮಗನಿಗೆ ಆಟಿಸಂ. ಅಪ್ಪಿಕೊಳ್ಳಲು ಹೋದರೆ ಆ ಹುಡುಗನಿಗೆ ಸಹಿಸಲಾಗುತ್ತಿರಲಿಲ್ಲ. ಇಬ್ಬರೂ ಕೂಡಿ ಆಟಕ್ಕೆ ಬನ್ನಿ ಎಂದು ಸಲಹೆ ಕೊಟ್ಟವನು ಮ್ಯಾಟ್ಸ್. ತಾಯಿ ಮಗ ಮೊದಲು ಆಟದ ವೇಷಗಳಲ್ಲಿ ಅಪ್ಪಿಕೊಂಡರು. ಕ್ರಮೇಣ ಮನೆಯಲ್ಲೂ ಅವರ ಒಡನಾಟ ಸಲೀಸಾಯಿತು.

ಇಷ್ಟೆಲ್ಲ ಮಾಡಿದವನು ತನ್ನ ಕಾಯಿಲೆಯನ್ನು ಮಾತ್ರ ಯಾರಿಗೂ ಹೇಳಲಿಲ್ಲ. ವೀಡಿಯೋದಲ್ಲಿ ಮುಖ ತೋರಿಸಲಿಲ್ಲ. ಮುಖತಃ ಭೇಟಿಯಾಗೋಣ ಎಂದರೆ ಏನಾದರೂ ನೆಪ ಹೇಳಿ ತಪ್ಪಿಸಿಕೊಂಡ. ಅನುಕಂಪದ ಕಣ್ಣುಗಳಿಂದ ದೂರ ಇರಲು ಸಿಕ್ಕಿದ್ದ ಒಂದೇ ಜಾಗ ಅದು, ಕಳೆದುಕೊಳ್ಳಲು ಅವನು ಸಿದ್ಧನಿರಲಿಲ್ಲ. ಕಾಯಿಲೆ ಬಿಗಡಾಯಿಸಿದಂತೆ ಅವನ ಮಾತು ಒರಟಾದುದೂ ಉಂಟು, ಗೆಳೆಯರ ಮನಸ್ಸು ನೋಯಿಸಿದ್ದೂ ಉಂಟು. ಗೆಳೆಯರು ನೇರವಾಗಿ ಪ್ರಶ್ನಿಸಿದರು, ಬಿಟ್ಟುಹೋಗಲಿಲ್ಲ. 2013ರಲ್ಲಿ ಆತ ಅಂತರ್ಜಾಲದಲ್ಲಿ ತನ್ನ ಬದುಕಿನ ಬಗ್ಗೆ ಬ್ಲಾಗ್ ಬರೆಯತೊಡಗಿದ. ಇಬೆಲಿನ್ ಎಂಬವನು ಗಾಲಿಕುರ್ಚಿಯಲ್ಲಿದ್ದು, ಕೆಲವೇ ಬೆರಳುಗಳ ಬಲದಿಂದ ವಿಶೇಷ ಉಪಕರಣ ಬಳಸಿ ಆಡುತ್ತಿದ್ದಾನೆಂಬ ಸಂಗತಿ ಆಗ ಬಳಗಕ್ಕೆ ತಿಳಿಯಿತು.

ತಂದೆಗೆ ಬಂದ ಸಂದೇಶಗಳು

ಇತ್ತ ಮನೆಯಲ್ಲಿ ಹೆತ್ತವರಿಗೆ ಕಂಡದ್ದು ಬೇರೆ. ಕೊನೆಯ ಹತ್ತು ವರ್ಷಗಳಲ್ಲಿ ಮ್ಯಾಟ್ಸ್ ಆಟದಲ್ಲಿ ಕಳೆದ ಹೊತ್ತು 15ರಿಂದ 20 ಸಾವಿರ ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ವರ್ಷಕ್ಕೆ 250 ದಿನ ಕಚೇರಿಗೆ ಹೋಗುವ ನೌಕರನೊಬ್ಬ 20 ಸಾವಿರ ಗಂಟೆ ದುಡಿಯಲು ಹತ್ತು ವರ್ಷ ಬೇಕು. ರಾತ್ರಿ ಹೊತ್ತಿಗೆ ಸರಿಯಾಗಿ ಮಲಗಬೇಕೆಂದು ಮನೆಯವರು ಒತ್ತಾಯಿಸುತ್ತಿದ್ದರು. ಗೆಳೆಯರೆಲ್ಲ ಸೇರುವ ವೇಳೆ ಅದೇ ಎಂಬುದು ಅವರಿಗೆ ಗೊತ್ತಿರಲಿಲ್ಲ. ಮಗ ಗೆಳೆತನ ಕಾಣದೆ, ಪ್ರೀತಿ ಕಾಣದೆ, ಯಾರಿಗೂ ಉಪಯೋಗಕ್ಕೆ ಬಾರದೆ ಹೋದನಲ್ಲ ಎಂಬುದೇ ಅವರ ದೊಡ್ಡ ದುಃಖವಾಗಿತ್ತು.

ಮ್ಯಾಟ್ಸ್ ತೀರಿಕೊಂಡ ಮೇಲೆ ತಂದೆ ರಾಬರ್ಟ್ ಮಗನ ಬ್ಲಾಗ್‌ನಲ್ಲಿ ನಿಧನದ ಸುದ್ದಿ ಬರೆದು ತಮ್ಮ ಇ-ಮೇಲ್ ವಿಳಾಸ ಕೊಟ್ಟರು. ಅಲ್ಲೊಬ್ಬರು ಇಲ್ಲೊಬ್ಬರು ಓದಿಯಾರು ಎಂದುಕೊಂಡಿದ್ದವರಿಗೆ ಒಂದರ ಹಿಂದೆ ಒಂದರಂತೆ ಸಂದೇಶಗಳು ಬಂದವು. ನಿಮ್ಮ ಮಗ ನನ್ನ ಕಷ್ಟಕಾಲದಲ್ಲಿ ಜೊತೆಗಿದ್ದ ಎಂದು ಗುರುತು ಪರಿಚಯವಿಲ್ಲದವರು ಪುಟಗಟ್ಟಲೆ ಬರೆದಿದ್ದರು. ಸ್ಟಾರ್‌ಲೈಟ್ ಬಳಗದ ಕೆಲವರು ಅಂತ್ಯಸಂಸ್ಕಾರಕ್ಕೆಂದೇ ಓಸ್ಲೋಗೆ ಬಂದರು. ಶವಪೆಟ್ಟಿಗೆಯ ಮೇಲೆ ಬಳಗದ ಧ್ವಜ ಹೊದಿಸಲಾಯಿತು. ತಮ್ಮ ಮಗನ ಸ್ನೇಹಿತರನ್ನು ಆ ತಂದೆ ತಾಯಿ ಮೊದಲ ಬಾರಿ ಕಂಡದ್ದು ಅಂದು.

ಆಟದಲ್ಲಿ ನಡೆದ ಸಂಭಾಷಣೆಗಳನ್ನು ಬಳಗ ಜೋಪಾನವಾಗಿ ಉಳಿಸಿಕೊಂಡಿತ್ತು. ಹತ್ತಾರು ಸಾವಿರ ಪುಟಗಳ ಆ ದಾಖಲೆಯನ್ನು ಆಧರಿಸಿ ನಾರ್ವೆಯ ನಿರ್ದೇಶಕ ಬೆಂಜಮಿನ್ ರೀ ಅವರು 'ದಿ ರಿಮಾರ್ಕಬಲ್ ಲೈಫ್ ಆಫ್ ಇಬೆಲಿನ್' ಎಂಬ ಸಾಕ್ಷ್ಯಚಿತ್ರ ನಿರ್ಮಿಸಿದರು. ಮ್ಯಾಟ್ಸ್ ಅಂದು ಟೈಪು ಮಾಡಿದ ಮಾತುಗಳನ್ನೇ ಇಟ್ಟುಕೊಂಡು ಆಟದ ಲೋಕವನ್ನು ಅನಿಮೇಶನ್ ಮೂಲಕ ಮರುಸೃಷ್ಟಿಸಿದ ಚಿತ್ರವಿದು. 2024ರ ಜನವರಿಯಲ್ಲಿ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ವಿಶ್ವ ಸಾಕ್ಷ್ಯಚಿತ್ರ ವಿಭಾಗದ ನಿರ್ದೇಶನ ಪ್ರಶಸ್ತಿ ಹಾಗೂ ಪ್ರೇಕ್ಷಕರ ಪ್ರಶಸ್ತಿ ಎರಡೂ ಇದಕ್ಕೆ ಸಂದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾಯಿತು. ಗೆಳೆಯರು ಮಾತ್ರ ಚಿತ್ರ ಬರುವುದಕ್ಕೆ ಮೊದಲೇ ತಮ್ಮದೇ ಕ್ರಮವೊಂದನ್ನು ಆರಂಭಿಸಿದ್ದರು. ಅಝೆರೋತ್‌ನಲ್ಲಿ ಒಟ್ಟು ಸೇರಿ, ಇಬೆಲಿನ್ ಓಡುತ್ತಿದ್ದಂತೆಯೇ ಓಡಿ ಅವನನ್ನು ಸ್ಮರಿಸುವ ಕ್ರಮವದು.

ನಾಣ್ಯದ ಇನ್ನೊಂದು ಮುಖ

ಹಾಗೆಂದು ಮಕ್ಕಳನ್ನು ಹಗಲಿರುಳು ಆಡಲು ಬಿಡಿ ಎಂಬುದು ಈ ಕತೆಯ ಸಾರವಲ್ಲ. ಓಡಾಡಲಾಗದ ಮ್ಯಾಟ್ಸ್‌ಗೆ ಆಟವೇ ಹೊರಗಿನ ಬಾಗಿಲಾಗಿತ್ತು. ಕೈಕಾಲು ಗಟ್ಟಿಯಿರುವ ಮಗು ಅದೇ ಬಾಗಿಲಿನಿಂದ ಒಳಗೆ ಹೋಗಿ ಶಾಲೆ, ನಿದ್ದೆ, ಮೈದಾನ ಎಲ್ಲವನ್ನೂ ಬಿಟ್ಟರೆ ಅದು ಬೇರೆ ಮಾತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ 'ಗೇಮಿಂಗ್ ಡಿಸಾರ್ಡರ್' ಎಂಬ ತೊಂದರೆಯನ್ನೂ ಸೇರಿಸಿದೆ. ಅದರ ಗುರುತು ಬರೇ ಗಂಟೆಗಳ ಲೆಕ್ಕವಲ್ಲ ಎಂಬುದು ಗಮನಿಸಬೇಕಾದ ಅಂಶ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದ ಕೆಲಸಗಳಿಗಿಂತ ಆಟವೇ ಮೇಲಾಗುವುದು, ಕೆಡುಕಾಗುತ್ತಿದೆ ಎಂದು ಗೊತ್ತಿದ್ದೂ ಮುಂದುವರಿಸುವುದು ಇವು ಲಕ್ಷಣಗಳು. ಸಾಮಾನ್ಯವಾಗಿ ಇದು ಒಂದು ವರ್ಷ ಕಾಲ ಕಂಡುಬಂದು ಓದು, ಕೆಲಸ, ಸಂಸಾರಕ್ಕೆ ಧಕ್ಕೆ ತಂದಾಗ ವೈದ್ಯರು ಕಾಯಿಲೆ ಎನ್ನುತ್ತಾರೆ.

ಹಣ ಕಟ್ಟಿ ಆಡುವ ಜೂಜಿನ ಆ್ಯಪ್‌ಗಳನ್ನೂ ಇದರೊಂದಿಗೆ ಸೇರಿಸಿ ನೋಡಬಾರದು. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಆ ಕಾನೂನು ಕೂಡ ಜೂಜನ್ನೂ ಇತರ ಆಟಗಳನ್ನೂ ಬೇರೆ ಬೇರೆಯಾಗಿಯೇ ಕಂಡಿದೆ. ಹೆತ್ತವರೂ ಹಾಗೆ ಬೇರ್ಪಡಿಸಿ ನೋಡುವುದು ಒಳ್ಳೆಯದು.

ಹೆತ್ತವರು ಕೇಳಬೇಕಾದ ಪ್ರಶ್ನೆ

ಮಗನ ಆಟದ ಲೋಕದ ಬಗ್ಗೆ ತಾವು ಇನ್ನಷ್ಟು ಆಸಕ್ತಿ ವಹಿಸಬೇಕಿತ್ತು, ಹಾಗೆ ಮಾಡದೆ ತಾವೇ ಒಂದು ಅವಕಾಶ ಕಳೆದುಕೊಂಡೆವು ಎಂದು ರಾಬರ್ಟ್ ಸ್ಟೀನ್ ಅವರು ಆಮೇಲೆ ಹೇಳಿಕೊಂಡಿದ್ದಾರೆ. ಅವರು ಮಗನನ್ನು ಕಡೆಗಣಿಸಿದ ತಂದೆಯಲ್ಲ. ಒಂದೇ ಮನೆಯಲ್ಲಿ ಇದ್ದವರು, ಕಣ್ಣಿನ ರೆಪ್ಪೆಯಂತೆ ಕಾದವರು. ಆದರೂ ಮಗನ ಪಕ್ಕದಲ್ಲಿ ಕುಳಿತು ಪರದೆಯನ್ನು ನೋಡಿದ್ದು ಅಪರೂಪ. ನೋಡಿದರೂ ಕಂಡದ್ದು ಆಟ, ಮಗನ ಬಳಗವಲ್ಲ.

ಹೊರನಾಡಿಗೆ ಬಂದ ಕನ್ನಡಿಗರಿಗೆ ಬಳಗದ ಬೆಲೆ ಗೊತ್ತು. ಊರು ಬಿಟ್ಟು ಬಂದು, ಗುರುತಿಲ್ಲದ ನಗರದಲ್ಲಿ ಸಂಘ ಕಟ್ಟಿ, ಸಂಜೆಯ ಎರಡು ಗಂಟೆ ತಮ್ಮವರ ನಡುವೆ ಕಳೆದು ಬದುಕಿದವರು ಹಿಂದಿನ ತಲೆಮಾರಿನವರು. ಆ ಕಾಲದಲ್ಲೂ ಮನೆಯವರು "ಸಂಘ ಸಂಘ ಎಂದು ಹೊತ್ತು ಹಾಳು ಮಾಡುತ್ತಾರೆ" ಎಂದು ಗೊಣಗಿದ್ದುಂಟು. ಇಂದಿನ ಮಕ್ಕಳು ತಮ್ಮ ಬಳಗವನ್ನು ಪರದೆಯೊಳಗೆ ಕಟ್ಟಿಕೊಂಡಿರಬಹುದು. ಅದರಲ್ಲಿ ಒಳ್ಳೆಯವರೂ ಇರುತ್ತಾರೆ, ಮೋಸಗಾರರೂ ಇರುತ್ತಾರೆ. ಯಾರಿದ್ದಾರೆ ಎಂದು ತಿಳಿಯಲು ಕಂಪ್ಯೂಟರ್ ವಿದ್ಯೆಯೇನೂ ಬೇಕಾಗಿಲ್ಲ. ಕುರ್ಚಿ ಎಳೆದು ಪಕ್ಕದಲ್ಲಿ ಕುಳಿತು, "ಇದು ನೀನೋ? ಆಚೆ ಇರುವವನು ಯಾರು? ಯಾವ ಊರಿನವನು?" ಎಂದು ಕೇಳಿದರೆ ಸಾಕು. "ಎಷ್ಟು ಹೊತ್ತಾಯಿತು, ಆರಿಸು" ಎಂಬ ಮಾತನ್ನು ಅದರ ನಂತರವೂ ಹೇಳಬಹುದು.