ತರಬೇತಿಗೆ ಯಾವ ನಾಯಿ? ಕಟ್ಟೆಯ ನಂಬಿಕೆಗಳೂ ನಿಜ ಸಂಗತಿಯೂ

ಗುಡಗೇರಿಯ ಕಡೆ ಒಕ್ಕಲುತನದ ಮನೆಗಳಲ್ಲಿ ನಾಯಿ ಒಂದಕ್ಕೇ ನಿಲ್ಲುವುದು ಕಡಿಮೆ. ಹೊಲಕ್ಕೊಂದು, ಬಾಗಿಲಿಗೊಂದು, ಕುರಿ ಇದ್ದರೆ ಹಿಂಡಿನ ಜೊತೆ ಇನ್ನೊಂದೆರಡು, ಬೀಗರ ಊರಿನಿಂದ ಚೀಲದಲ್ಲಿ ಬಂದ ಮರಿ ಮತ್ತೊಂದು. ಇವುಗಳಲ್ಲಿ ಒಂದನ್ನು ವಾರಕ್ಕೊಮ್ಮೆ ಮೈದಾನದಲ್ಲಿ ನಡೆಯುವ ಗುಂಪಿನ ತರಬೇತಿಗೆ ಒಯ್ಯಬೇಕು ಅಂತ ಮನೆಯ ಹುಡುಗ ಹೊರಟರೆ ಕಟ್ಟೆಯ ಮೇಲೆ ಪಂಚಾಯಿತಿ ಶುರು.

“ಕಾಕಾ, ಯಾವ್ದನ್ನ ಒಯ್ಯೂಣ್ರಿ?”

“ಅದರಾಗ ಕೇಳೂದೇನೈತಿಪಾ, ಆ ದೊಡ್ಡ ಗಂಡನಾಯಿ ಒಯ್ಯಿ. ಮುಧೋಳ ರಕ್ತ ಐತಿ ಅದಕ್ಕ.”

ದೊಡ್ಡದು, ಗಂಡು, ಒಳ್ಳೆ ಜಾತಿ. ಕಾಕಾ ಒಂದೇ ಉಸಿರಿನಲ್ಲಿ ಮೂರು ನಂಬಿಕೆ ಹೇಳಿ ಮುಗಿಸಿದ್ದಾನೆ. ಮೂರರಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ, ಆದರೆ ಯಾವ ನಾಯಿ ಕಲಿತೀತು ಎನ್ನುವುದಕ್ಕೆ ಮೂರರಿಂದಲೂ ಹೆಚ್ಚಿನ ಸುಳಿವು ಸಿಗುವುದಿಲ್ಲ.

ನಂಬಿಕೆ: ಮುಧೋಳದ ರಕ್ತವಿದ್ದರೆ ಕಲಿತೇ ಕಲಿಯುತ್ತದೆ

ಈ ಅಭಿಮಾನ ಎಲ್ಲಿಂದ ಬಂತು ಎಂದು ಹುಡುಕಬೇಕಾಗಿಲ್ಲ. 2005ರ ಜನವರಿಯಲ್ಲಿ ಅಂಚೆ ಇಲಾಖೆ ದೇಸಿ ನಾಯಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಅಲ್ಲಿನ ಮರಿಗಳು 2016ರಲ್ಲಿ ಮೇರಠದಲ್ಲಿರುವ ಸೇನೆಯ ಪಶುವೈದ್ಯ ದಳದ ಕೇಂದ್ರಕ್ಕೆ ತರಬೇತಿಗೆ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ದೇಸಿ ತಳಿಗಳನ್ನು ಸಾಕಿ ಎಂದಾಗಲೂ ಮುಧೋಳದ ಹೆಸರು ಬಂತು. ಇಷ್ಟಾದ ಮೇಲೆ ನಮ್ಮ ಕಡೆಯವರು ಹೆಮ್ಮೆ ಪಡದೆ ಇರುತ್ತಾರೆಯೇ?

ಹೆಮ್ಮೆ ಇರಲಿ. ಆದರೆ ಮುಧೋಳ ಕಣ್ಣಿನಿಂದ ಬೇಟೆಯಾಡುವ ನಾಯಿ. ಉದ್ದ ಕಾಲು, ಸಣ್ಣ ನಡು, ಆಳವಾದ ಎದೆ, ಎಲ್ಲವೂ ಬಯಲಿನಲ್ಲಿ ದೂರಕ್ಕೆ ಓಡುವ ಜೀವವನ್ನು ಕಂಡು ಬೆನ್ನಟ್ಟಲಿಕ್ಕೆ ಆದವು. ಕುಂದಗೋಳದ ಎರೆಹೊಲದಲ್ಲಿ ಮೊಲವೊಂದು ಎದ್ದು ಓಡಿದರೆ ಅದಕ್ಕೆ ಒಡೆಯನ ಕೂಗು ಕೇಳಿಸಿದರೂ ಕೇಳಿಸದ ಹಾಗೆ. ಬೇಟೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ ಎನ್ನುವುದು ನಾಯಿಗೆ ಗೊತ್ತಿಲ್ಲವಲ್ಲ. ಹತ್ತು ನಾಯಿ ಸೇರುವ ಮೈದಾನದಲ್ಲಿ ಇಂಥದು ಮೊದಮೊದಲು ತರಬೇತುದಾರನ ತಾಳ್ಮೆ ಪರೀಕ್ಷಿಸುತ್ತದೆ. ಅದು ದಡ್ಡತನ ಅಲ್ಲ, ತಲೆತಲಾಂತರದ ಕಸುಬು.

ತಳಿಯ ಲೆಕ್ಕ ಎಷ್ಟರಮಟ್ಟಿನದು ಎಂದು ಅಮೆರಿಕದ ವಿಜ್ಞಾನಿಗಳು ಅಳೆದು ನೋಡಿದ್ದಾರೆ. 18,000ಕ್ಕೂ ಹೆಚ್ಚು ನಾಯಿಗಳ ಒಡೆಯರ ಉತ್ತರ, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಇಟ್ಟುಕೊಂಡು ಮಾಡಿದ ಆ ಅಧ್ಯಯನ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಒಂದೊಂದು ನಾಯಿಯ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇಕಡಾ 9 ಮಾತ್ರ. ಮಿಕ್ಕದ್ದು ಆ ನಾಯಿಯದೇ ಸ್ವಭಾವ, ಬೆಳೆದ ರೀತಿ, ಉಂಡ ಪೆಟ್ಟು. ಪಶ್ಚಿಮ ಬಂಗಾಳದ ಬ್ಯಾರಕ್‌ಪುರದಲ್ಲಿ ಆಶಾ, ಉತ್ತರಾಖಂಡದಲ್ಲಿ ಠೆಂಗಾ ಎಂಬ ಬೀದಿನಾಯಿಗಳನ್ನು ಪೊಲೀಸರೇ ಪಳಗಿಸಿ ಕೆಲಸಕ್ಕೆ ಹಚ್ಚಿದ್ದುಂಟು. ನಿಮ್ಮ ಬಾಗಿಲ ಮುಂದಿನ ಕರಿ ಊರನಾಯಿಯನ್ನು ಮೊದಲೇ ಪಟ್ಟಿಯಿಂದ ಹೊಡೆದು ಹಾಕಬೇಡಿ.

ನಂಬಿಕೆ: ಗಂಡೇ ಆಗಬೇಕು, ಎಳೆಯದೇ ಆಗಬೇಕು

ಇದಕ್ಕೆ ದಾವಣಗೆರೆಯ ತುಂಗಾ ಸಾಕು. 2020ರ ಜುಲೈನಲ್ಲಿ ಸೂಳೆಕೆರೆ ಕಡೆಯ ಒಂದು ಕೊಲೆ ಪ್ರಕರಣದಲ್ಲಿ ವಾಸನೆ ಹಿಡಿದು ಸುಮಾರು 12 ಕಿಲೋಮೀಟರ್ ಓಡಿ ಪೊಲೀಸರನ್ನು ಆರೋಪಿಯ ಬೆನ್ನಿಗೆ ಹಚ್ಚಿದ ಡಾಬರ್‌ಮನ್ ಅದು. ಹೆಣ್ಣು, ಎಳೆಯ ಪ್ರಾಯವಂತೂ ದಾಟಿತ್ತು.

ವಯಸ್ಸಿನ ಮಾತು ಕಲಿಕೆಗೂ ಅಷ್ಟೇ. ವಿಯೆನ್ನಾದಲ್ಲಿ ಐದು ತಿಂಗಳಿಂದ 13 ವರ್ಷದವರೆಗಿನ 95 ಬಾರ್ಡರ್ ಕೋಲಿಗಳನ್ನು ಪರೀಕ್ಷಿಸಿದರು. ಹೊಸದನ್ನು ಕಲಿಯಲು ಮುದಿ ನಾಯಿಗಳಿಗೆ ಹೆಚ್ಚು ಸಲ ಹೇಳಿಕೊಡಬೇಕಾಯಿತು, ಇದು ನಿಜ. ಆದರೆ ತರ್ಕ ಹಚ್ಚಬೇಕಾದ ಕಡೆ ಅವೇ ಮುಂದೆ. ಆರು ತಿಂಗಳ ಮೇಲೆ ನೋಡಿದರೆ ನೆನಪಿನಲ್ಲಿ ಎಳೆಯವಕ್ಕೂ ಹಳೆಯವಕ್ಕೂ ಭೇದವಿರಲಿಲ್ಲ. ಐದು ವರ್ಷದ ನಾಯಿಯನ್ನು “ಇನ್ನೇನ ಕಲೀತೈತಿ” ಎಂದು ಬಿಟ್ಟುಬಿಡುವುದು ಸೋಮಾರಿತನವೇ ಹೊರತು ಜಾಣತನವಲ್ಲ.

ನಂಬಿಕೆ: ಕುತ್ತಿಗೆ ಹಿಡಿದೆತ್ತಿದಾಗ ಕುಂಯ್ ಎನ್ನದ ಮರಿ ಗಟ್ಟಿ

ಇದು ಊರೂರಲ್ಲಿ ನಡೆಯುವ ಪರೀಕ್ಷೆ. ಕೆಲವರು ಕಿವಿ ಹಿಡಿದೆತ್ತುತ್ತಾರೆ, ಇನ್ನು ಕೆಲವರು ಉಗುರು ಎಣಿಸುತ್ತಾರೆ. ಉಗುರಿನ ಮಾತು ಬೇಗ ಮುಗಿಸೋಣ: ಸಾಮಾನ್ಯ ನಾಯಿಗೆ 18 ಉಗುರು, ಹಿಂಗಾಲಿಗೂ ಒಂದೊಂದು ಹೆಚ್ಚಿನದು ಬಂದರೆ 20. ಅದು ಹೆತ್ತವರಿಂದ ಬಂದದ್ದು, ಬುದ್ಧಿಗೂ ಅದಕ್ಕೂ ಸಂಬಂಧವಿಲ್ಲ. ಕಿವಿ-ಬಾಲ ಕತ್ತರಿಸಿದರೆ ನಾಯಿ ಚುರುಕಾಗುತ್ತದೆ ಎನ್ನುವುದೂ ಇದೇ ಸಾಲಿನದು, ನೋವು ಕೊಟ್ಟ ಪಾಪವಷ್ಟೇ ಉಳಿಯುವುದು.

ಎತ್ತಿದಾಗ ಸುಮ್ಮನೆ ತೂಗಾಡುವ ಮರಿ ಧೈರ್ಯದಿಂದ ಸುಮ್ಮನಿದೆಯೋ, ಹೆದರಿ ಮರಗಟ್ಟಿದೆಯೋ, ಹೊಟ್ಟೆಯಲ್ಲಿ ಜಂತು ತುಂಬಿ ಸೋತಿದೆಯೋ ಹೇಳುವುದು ಹೇಗೆ? ಸ್ವೀಡನ್ನಿನ ವಿಲ್ಸನ್ ಮತ್ತು ಸುಂಡ್‌ಗ್ರೆನ್ ಎಂಟು ವಾರದ ಮರಿಗಳನ್ನು ಇದಕ್ಕಿಂತ ಎಷ್ಟೋ ಶಿಸ್ತಿನಿಂದ ಪರೀಕ್ಷಿಸಿ, ಅವೇ ದೊಡ್ಡವಾದ ಮೇಲೆ ಮತ್ತೆ ನೋಡಿದರು. ಮರಿಯಾಗಿದ್ದಾಗಿನ ಅಂಕ ನೋಡಿ ಯಾವುದು ಕೆಲಸದ ನಾಯಿಯಾಗುತ್ತದೆ ಎಂದು ಹೇಳಲಾಗದು ಎಂಬುದು 1998ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ.

ಇನ್ನೊಂದು ಅಧ್ಯಯನ ನನಗೆ ಬಹಳ ಹಿಡಿಸಿದ್ದು. ಅಮೆರಿಕದಲ್ಲಿ ಅಂಧರಿಗೆ ದಾರಿ ತೋರುವ ನಾಯಿಗಳನ್ನು ಬೆಳೆಸುವ ಸಂಸ್ಥೆಯೊಂದರಲ್ಲಿ 23 ತಾಯಿಗಳನ್ನೂ ಅವುಗಳ 98 ಮರಿಗಳನ್ನೂ ಗಮನಿಸಿದರು (ಪ್ರಕಟವಾದದ್ದು 2017ರಲ್ಲಿ). ಸದಾ ಮೈಮೇಲೆ ಬಿದ್ದು ನೆಕ್ಕಿ ಮುದ್ದು ಮಾಡುವ ತಾಯಿಯ ಮರಿಗಳು ತರಬೇತಿಯಲ್ಲಿ ಹೆಚ್ಚು ಬಿದ್ದುಹೋದವು. ನಿಂತು ಅಥವಾ ಕೂತು ಹಾಲೂಡಿಸುವ, ಅಂದರೆ ಮರಿ ತಾನೇ ಒದ್ದಾಡಿ ಮೊಲೆ ಹಿಡಿಯಬೇಕಾದ ತಾಯಿಯ ಮರಿಗಳು ಹೆಚ್ಚು ಪಾಸಾದವು. ನಿಮ್ಮ ಕೊಟ್ಟಿಗೆಯಲ್ಲೇ ನಾಯಿ ಮರಿ ಹಾಕಿದ್ದರೆ ಎತ್ತಿ ನೋಡುವ ಬದಲು ನಾಲ್ಕು ದಿನ ದೂರ ಕೂತು ತಾಯಿಯನ್ನು ನೋಡಿ.

ನಂಬಿಕೆ: ಉಳಿದವನ್ನು ಗದರಿಸುವ ‘ಲೀಡರ್’ ನಾಯಿ ಕಲಿತರೆ ಎಲ್ಲವೂ ಕಲಿತಂತೆ

ತಟ್ಟೆಯ ಮುಂದೆ ಗುರ್ ಎಂದು ಉಳಿದವನ್ನು ಹಿಂದೆ ಸರಿಸುವ ನಾಯಿಯನ್ನು ನಾವು ಗೌಡಕಿಗೆ ಏರಿಸಿಬಿಡುತ್ತೇವೆ. ಈ ‘ಆಲ್ಫಾ’ ಕಥೆ 1947ರಲ್ಲಿ ರುಡಾಲ್ಫ್ ಶೆಂಕೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ ಬರೆದದ್ದರಿಂದ ಬೆಳೆದದ್ದು. ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಅದನ್ನು ಜನಪ್ರಿಯ ಮಾಡಿದರು. ಕಾಡಿನಲ್ಲಿ ತೋಳಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ ಅವರೇ 1999ರಲ್ಲಿ ಅದನ್ನು ತಿದ್ದಿದರು: ತೋಳದ ಹಿಂಡು ಎಂದರೆ ತಂದೆ, ತಾಯಿ, ಮಕ್ಕಳ ಸಂಸಾರ, ಪಟ್ಟಕ್ಕೆ ಕಾದಾಡುವ ದಂಡಲ್ಲ. ರೊಟ್ಟಿಗಾಗಿ ಗುರುಗುಟ್ಟುವ ನಾಯಿ ರೊಟ್ಟಿ ಹೋದೀತೆಂಬ ಅಂಜಿಕೆಯದಿರಬಹುದು. ಒಂದು ನಾಯಿಗೆ ಕಲಿಸಿದ್ದು ಇನ್ನೊಂದಕ್ಕೆ ತಾನಾಗಿಯೇ ಬರುತ್ತದೆ ಎನ್ನುವುದನ್ನಂತೂ ನೆಚ್ಚಿ ಕೂರಬೇಡಿ. ಬೊಗಳುವುದನ್ನು ಮಾತ್ರ ಒಂದನ್ನೊಂದು ನೋಡಿ ಚೆನ್ನಾಗಿ ಕಲಿಯುತ್ತವೆ.

ಹಾಗಾದರೆ ನೋಡುವುದು ಏನನ್ನು?

ಹೆದರಿದ ಮೇಲೆ ನಾಯಿ ಎಷ್ಟು ಬೇಗ ಸಾವರಿಸಿಕೊಳ್ಳುತ್ತದೆ, ಸಾವರಿಸಿಕೊಂಡು ಯಾರ ಕಡೆ ತಿರುಗುತ್ತದೆ. ನನ್ನ ಮಟ್ಟಿಗೆ ಈ ಎರಡೇ. ಹೆದರದ ನಾಯಿ ಯಾವುದೂ ಇಲ್ಲ.

ಗುಡಗೇರಿಯವರಿಗೆ ಇದಕ್ಕೆ ಬೇರೆ ಸಲಕರಣೆ ಬೇಡ, ಹುಬ್ಬಳ್ಳಿ-ಬೆಂಗಳೂರು ರೈಲು ಮಾರ್ಗ ಊರಲ್ಲೇ ಇದೆ. ಹಳಿಯಿಂದ ಬಹಳ ದೂರ, ಸದ್ದು ಕೇಳುವಷ್ಟಿದ್ದರೆ ಸಾಕು, ನಾಯಿಗೆ ಗಟ್ಟಿ ಹಗ್ಗ ಹಾಕಿ ನಿಲ್ಲಿ. ಒಂದು ಸಲಕ್ಕೆ ಒಂದೇ ನಾಯಿ. ಕೈಯಲ್ಲಿ ಅದಕ್ಕೆ ಇಷ್ಟವಾದ ತಿನಿಸಿನ ಚೂರು. ಹಾರ್ನ್ ಕೇಳಿದೊಡನೆ ಕಿವಿ ಹಿಂದಕ್ಕೆ ಅಂಟುತ್ತದೆ, ಬಾಲ ಕಾಲ ಸಂದಿಗೆ ಹೋಗುತ್ತದೆ, ಕೆಲವು ನಾಲಗೆಯಿಂದ ಮೂಗು ಸವರಿಕೊಳ್ಳುತ್ತವೆ. ಅಷ್ಟು ಸಹಜ. ರೈಲು ಹೋದ ಮೇಲೆ ಚೂರು ಕೆಳಗೆ ಹಾಕಿ. ಒಂದು ನಾಯಿ ಮೈ ಝಾಡಿಸಿ, ತಿಂದು, ನಿಮ್ಮ ಮುಖ ನೋಡುತ್ತದೆ. ಇನ್ನೊಂದು ಕಾಲ ಬುಡದಲ್ಲೇ ಬಿದ್ದ ತಿನಿಸನ್ನು ಮೂಸುವುದೂ ಇಲ್ಲ, ಮನೆಯ ದಿಕ್ಕಿಗೆ ಹಗ್ಗ ಜಗ್ಗುತ್ತದೆ. ಹೊಟ್ಟೆ ಹಸಿದೂ ತಿನ್ನದ ನಾಯಿಗೆ ಆ ಗಳಿಗೆಯಲ್ಲಿ ಏನನ್ನೂ ಕಲಿಸಲಾಗದು. ಮೊದಲನೆಯದು ಗುಂಪಿನ ತರಬೇತಿಗೆ ತಯಾರಿದೆ. ಎರಡನೆಯದನ್ನು ತರಬೇತುದಾರರು ಒಂಟಿಯಾಗಿ, ಮನೆಯ ಹತ್ತಿರವೇ ನೋಡಬೇಕು. ಹತ್ತು ಅಪರಿಚಿತ ನಾಯಿಗಳ ನಡುವೆ ತಂದು ನಿಲ್ಲಿಸಿದರೆ ಅದು ಕಲಿಯುವುದು ಇನ್ನಷ್ಟು ಹೆದರಿಕೆಯನ್ನೇ.

ಇಲ್ಲೊಂದು ಕೊಂಕು ಪ್ರಶ್ನೆ ಇದೆ. ಚೆನ್ನಾಗಿ ಕಲಿಯುವ ನಾಯಿಯನ್ನು ಒಯ್ಯಬೇಕೋ, ಕಲಿಯಲೇಬೇಕಾದ ನಾಯಿಯನ್ನೋ? ಪೊಲೀಸರು, ಸೇನೆಯವರು ಕೆಲಸಕ್ಕೆ ನಾಯಿ ಆರಿಸುತ್ತಾರೆ, ಬೇಡವಾದದ್ದನ್ನು ಹಿಂದೆ ಬಿಡುತ್ತಾರೆ. ನೀವು ಹಾಗಲ್ಲ, ಎಲ್ಲವೂ ನಿಮ್ಮ ಅಂಗಳದಲ್ಲೇ ಇರುತ್ತವೆ. ರಸ್ತೆಯಲ್ಲಿ ಬೈಕು ಕಂಡರೆ ಬೆನ್ನಟ್ಟುವ ಆ ಹೊಲದ ನಾಯಿಯಿಂದ ನಾಳೆ ಯಾರಾದರೂ ಬಿದ್ದರೆ ಜವಾಬು ನಿಮ್ಮದು. ಅಂಗಳದ ಜಾಣೆ ‘ಶೇಕ್ ಹ್ಯಾಂಡ್’ ಕಲಿತು ಬಂದರೆ ನೆಂಟರಿಗೆ ಖುಷಿ, ಅಷ್ಟೆ. ಸಾವರಿಸಿಕೊಳ್ಳುವ ಶಕ್ತಿ ಎರಡಕ್ಕೂ ಇದ್ದರೆ ತೊಂದರೆ ಕೊಡುವುದನ್ನೇ ಒಯ್ಯಿರಿ. ಕಚ್ಚಿದ ಇತಿಹಾಸವಿರುವ ನಾಯಿಯನ್ನು ಮಾತ್ರ ಮೊದಲು ಪಶುವೈದ್ಯರಿಗೆ ತೋರಿಸಬೇಕು. ನೋವಿನಿಂದ ಕಚ್ಚುವ ನಾಯಿಗೆ ಬೇಕಾದದ್ದು ಔಷಧಿ.

ಜೊತೆಗೆ ಹೋಗುವವರು ಯಾರು ಎನ್ನುವುದೂ ಆಯ್ಕೆಯ ಭಾಗವೇ. ದಿನಾ ಅನ್ನ ಹಾಕುವವಳು ಅವ್ವ, ಮೈದಾನಕ್ಕೆ ಹೋಗುವವನು ಹುಬ್ಬಳ್ಳಿಯಲ್ಲಿ ಓದುವ ಮಗ ಎಂದಾದರೆ ನಾಯಿ ಅಲ್ಲಿ ಮಗನ ಮಾತು ಕೇಳಿ, ಮನೆಗೆ ಬಂದು ಅವ್ವನ ಮಾತು ಕೇಳದೆ ಇರುತ್ತದೆ. ಎರಡನ್ನು ಒಟ್ಟಿಗೆ ಒಯ್ದು ಒಬ್ಬರೇ ಹಿಡಿದರೂ ಅಷ್ಟೇ, ಒಂದು ಇನ್ನೊಂದನ್ನು ನೋಡುತ್ತದೆ, ನಿಮ್ಮನ್ನಲ್ಲ.

ಹೊರಡುವ ಮುನ್ನ ಲಸಿಕೆಯ ಚೀಟಿ ನೋಡಿಕೊಳ್ಳಿ: ರೇಬಿಸ್‌ದೂ, ಪಾರ್ವೊ-ಡಿಸ್ಟೆಂಪರ್‌ದೂ. ಹೆಣ್ಣು ನಾಯಿ ಬೆದೆಗೆ ಬಂದಿದ್ದರೆ ಮೂರು ವಾರ ಮನೆಯಲ್ಲೇ ಇರಲಿ. ವಾರಕ್ಕೊಂದೇ ಪಾಠ ಸಾಲದು ಎಂಬ ಚಿಂತೆ ಬೇಡ. 2008ರಲ್ಲಿ ಡೆನ್ಮಾರ್ಕ್‌ನ ಸಂಶೋಧಕರು ಬೀಗಲ್ ನಾಯಿಗಳ ಮೇಲೆ ನೋಡಿದ ಹಾಗೆ, ವಾರಕ್ಕೊಮ್ಮೆ ಕಲಿಸಿದವು ವಾರಕ್ಕೆ ಐದು ಸಲ ಕಲಿಸಿದವಕ್ಕಿಂತ ಕಡಿಮೆ ಪಾಠಗಳಲ್ಲೇ ಕಲಿತವು, ದಿನಗಳು ಮಾತ್ರ ಹೆಚ್ಚು ಹಿಡಿದವು. ನಡುವಿನ ದಿನಗಳಲ್ಲಿ ಉಳಿದ ನಾಯಿಗಳಿಗೆ ಹತ್ತತ್ತು ನಿಮಿಷ ಕೊಡಬಹುದು, ಒಂದೊಂದನ್ನೇ ಬೇರೆ ಕರೆದುಕೊಂಡು ಹೋಗಿ.