ತೇರಿನ ನೂಕುನುಗ್ಗಲು ಮತ್ತು ಸೂಪರ್‌ಕಂಡಕ್ಟರ್

ಲೋಹದ ಹಾಗೆ ಕರೆಂಟ್ ಹರಿಸಬೇಕಾದ ವಸ್ತು,
ಹರಿಸದೇ ಮೊಂಡು ಹಿಡಿಯೋದು ಯಾಕೆ?

ಬೇಲೂರಿನ ತೇರು ನೆನಪಿಸ್ಕೊಳ್ಳಿ.
ಚೆನ್ನಕೇಶವ ದೇವಸ್ಥಾನದ ಅಂಗಳ.
ಒಂದೊಂದು ಚಪ್ಪಡಿ ಮೇಲೂ ಒಬ್ಬೊಬ್ಬರು.
ಪಕ್ಕಕ್ಕೆ ಕಾಲಿಡೋಣ ಅಂದ್ರೆ,
ಅಲ್ಲೂ ಒಬ್ಬರು!
ಯಾರೂ ಕದಲೋ ಹಾಗಿಲ್ಲ.

ಲ್ಯಾಂಥನಮ್, ತಾಮ್ರ, ಆಮ್ಲಜನಕ ಸೇರಿದ ಒಂದು ವಸ್ತುವಿದೆ. ಅಲ್ಲೂ ಇದೇ ಕತೆ.
ಅದರಲ್ಲಿ ತಾಮ್ರದ ಪ್ರತಿ ಪರಮಾಣುವಿನ ಹತ್ರ
ಓಡಾಡಬಹುದಾದ ಎಲೆಕ್ಟ್ರಾನ್ ಒಂದೊಂದೇ.
ಒಂದನ್ನೊಂದು ಜೋರಾಗಿ ದೂಡ್ತವೆ.
ಒಂದು ಕದಲಬೇಕಾದ್ರೆ, ಉಳಿದವು ದಾರಿ ಬಿಡಬೇಕು.
ಇದೇ ಎಲೆಕ್ಟ್ರಾನ್ ಕೋರಿಲೇಶನ್.

ಈಗ ಅಂಗಳದಿಂದ ಒಂದಿಷ್ಟು ಜನರನ್ನ ಆಚೆ ಕಳಿಸಿ.
ಅಂದ್ರೆ, ಲ್ಯಾಂಥನಮ್ ಜಾಗಕ್ಕೆ ಸ್ವಲ್ಪ ಬೇರಿಯಂ ಹಾಕಿ.
ಎಲೆಕ್ಟ್ರಾನ್ ಕಮ್ಮಿಯಾಗಿ ಜಾಗ ಸಿಕ್ತು, ಓಡಾಟ ಶುರು!
ಚೆನ್ನಾಗಿ ತಣ್ಣಗೆ ಮಾಡಿದ್ರೆ,
ಎಲೆಕ್ಟ್ರಾನ್‌ಗಳು ಜೋಡಿ ಕಟ್ಟಿ
ತಡೆಯೇ ಇಲ್ಲದೆ ಹರೀತವೆ. ವಸ್ತು ಸೂಪರ್‌ಕಂಡಕ್ಟರ್ ಆಗುತ್ತೆ.
1986ರಲ್ಲಿ ವಿಜ್ಞಾನಿಗಳಾದ ಬೆಡ್ನೋರ್ಜ್, ಮುಲ್ಲರ್ ಕಂಡಿದ್ದು ಇದನ್ನೇ.

ದೂಡಾಡೋ ಎಲೆಕ್ಟ್ರಾನ್‌ಗಳು ಜೋಡಿ ಆಗೋದು ಹೇಗೆ?

1987ರ ಜನವರಿ.
ನಮ್ಮ ಬೆಂಗಳೂರು.
ಅಲ್ಲಿನ ಒಂದು ಸಮ್ಮೇಳನದಲ್ಲಿ ಭೌತವಿಜ್ಞಾನಿ ಫಿಲಿಪ್ ಆಂಡರ್ಸನ್ ಹೊಸ ವಿಚಾರ ಮುಂದಿಟ್ರು:
ಜೋಡಿ ಕಟ್ಟಿಸೋದು ಈ ದೂಡಾಟವೇ!
ಎಂಥಾ ದಿಟ್ಟ ಯೋಚನೆ!
ಇದರ ಮೇಲಿನ ವಾದ ಇವತ್ತಿಗೂ ನಡೀತಿದೆ.

ಅದೇ ವರ್ಷ,
ಅದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಸಿ.ಎನ್.ಆರ್. ರಾವ್ ತಂಡ
ದ್ರವ ಸಾರಜನಕದ ತಂಪಿನಲ್ಲೇ,
ಅಂದ್ರೆ ಮೈನಸ್ 196 ಡಿಗ್ರಿಯಲ್ಲೇ,
ಕೆಲಸ ಮಾಡೋ ಸೂಪರ್‌ಕಂಡಕ್ಟರ್ ತಯಾರಿಸ್ತು.