ಮುನ್ನೂರು ಮೀಟರ್ ಆಚೆಯ ಚಿಗರಿ

ಸೋನ್ಯಾಳದ ಮಡ್ಡಿ ಏರಿ ನಿಂತರೆ ಕಣ್ಣಿಗೆ ಅಡ್ಡ ಬರುವುದು ಏನೂ ಇಲ್ಲ. ಜತ್ತ ತಾಲೂಕಿನ ಈ ಬರದ ಬಯಲಿನಲ್ಲಿ ದೂರ ಮೋಸ ಮಾಡುತ್ತದೆ. ಇಲ್ಲೇ ಐತಿ ಅನ್ನಿಸಿದ್ದು ಅಳೆದರೆ ಮುನ್ನೂರು ಮೀಟರ್. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಚಿಗರಿಯತ್ತ ಬಂದೂಕು ಎತ್ತುವಂತಿಲ್ಲ. ಆಗಬೇಕಾದದ್ದೇ ಆಯಿತು. ಬೇಟೆಗೆ ಪರವಾನಗಿ ಇರುವ ದೇಶಗಳಲ್ಲಿ ಮಾತ್ರ, ಎಷ್ಟು ದೂರದಿಂದ ಹೊಡೆಯಬಹುದು ಎಂಬ ಪ್ರಶ್ನೆ ಇನ್ನೂ ಜೀವಂತ. ಅದಕ್ಕೆ ಉತ್ತರ ಹೇಳುವುದು ದುರ್ಬೀನಲ್ಲ, ಗುಂಡು.

ಅಂಗೈ ಮೇಲೆ ಎರಡು ತೋಟಾ ಇಟ್ಟು ನೋಡಿ. ಒಂದರ ಮೂತಿ ಮೊಂಡು, ಇನ್ನೊಂದರದು ನೀಳ, ಚೂಪು. ಚೂಪು ಗುಂಡು ಗಾಳಿ ಸೀಳಿಕೊಂಡು ಹೋಗುತ್ತದೆ, ವೇಗ ಉಳಿಸಿಕೊಳ್ಳುತ್ತದೆ. ಆದರೂ ಸೆಕೆಂಡಿಗೆ 820 ಮೀಟರ್ ವೇಗದಲ್ಲಿ ಹೊರಟ .30-06 ರೈಫಲಿನ ಗುಂಡು 300 ಮೀಟರ್ ಮುಟ್ಟುವುದರೊಳಗೆ, ನಳಿಗೆಯ ನೇರಕ್ಕಿಂತ ಸುಮಾರು ಮುಕ್ಕಾಲು ಮೀಟರ್ ಕೆಳಗಿಳಿದಿರುತ್ತದೆ. ಗಂಟೆಗೆ 16 ಕಿ.ಮೀ. ಅಡ್ಡಗಾಳಿ ಅದನ್ನು ಗೇಣುದ್ದ ಪಕ್ಕಕ್ಕೆ ತಳ್ಳುತ್ತದೆ. ಎದೆಗೆ ಇಟ್ಟ ಗುರಿ ಹೊಟ್ಟೆಗೆ ತಗಲಲು ಅಷ್ಟು ಸಾಕು.

ಗುರಿ ತಪ್ಪದಿದ್ದರೂ ಮುಗಿಯಲಿಲ್ಲ. ವೇಗ ಅರ್ಧಕ್ಕಿಳಿದರೆ ಹೊಡೆತದ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಸೀಸದ ಮೂತಿಯ ಮೆತ್ತನೆ ಗುಂಡು ಒಳಗೆ ಹೊಕ್ಕು ಅಣಬೆಯಂತೆ ಅರಳಬೇಕು. ಅದಕ್ಕೆ ಸಾಮಾನ್ಯವಾಗಿ ಸೆಕೆಂಡಿಗೆ 550 ಮೀಟರ್ ಆಸುಪಾಸಿನ ವೇಗ ಬೇಕು. ಅರಳದಿದ್ದರೆ ದಬ್ಬಣದಂತೆ ತೂರಿ ಆಚೆ ಹೋಗುತ್ತದೆ. ಪ್ರಾಣಿ ಮೈಲುಗಟ್ಟಲೆ ಓಡಿ, ಯಾವುದೋ ಜಾಲಿ ಕಂಟಿಯ ಕೆಳಗೆ ತಾಸುಗಟ್ಟಲೆ ನರಳುತ್ತದೆ. ಅರಳುವ ಗುಂಡಿಗೆ ಹೆಸರು ತಂದದ್ದು ಕೋಲ್ಕತ್ತ ಬಳಿಯ ಡಮ್‌ಡಮ್ ಕಾರ್ಖಾನೆ. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅದನ್ನು ನಿಷೇಧಿಸಿತು. ಬೇಟೆಯಲ್ಲಿ ಮಾತ್ರ ಬೇಗ ಸಾವು ಕೊಡುವುದೇ ಕರುಣೆ.

ನಮ್ಮ ದೇಶದ ಬೇಟೆಗಾರರು ಬಹುಕಾಲ ಹಿಡಿದದ್ದು .315 ರೈಫಲ್. ಸೇನೆಯ .303 ತೋಟಾ ಜನರ ಕೈಗೆ ಸಿಗಬಾರದು ಎಂಬ ಬ್ರಿಟಿಷರ ಭಯವೇ ಅದಕ್ಕೆ ಕಾರಣ. ಇದೇ ಸೀಮೆಯ ದಕ್ಷಿಣಕ್ಕಿರುವ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆವೆಂದು ಬಂಡೆದ್ದದ್ದನ್ನು ಆ ಸರ್ಕಾರ ಮರೆತಿರಲಿಕ್ಕಿಲ್ಲ. .315ರ ಗುಂಡು ಸುಮಾರು 16 ಗ್ರಾಂ ತೂಕದ್ದು, ಮೊಂಡು ಮೂತಿಯದು; ಹೊರಡುವಾಗಲೇ ವೇಗ ಕಮ್ಮಿ. ಗಿಡಗಂಟಿಯ ಕಾಡಿನಲ್ಲಿ, ಐವತ್ತು ಹೆಜ್ಜೆಯಲ್ಲಿ ಅದು ನಂಬಿಗಸ್ತ. ಸೋನ್ಯಾಳದಂಥ ಬಯಲಿನಲ್ಲಿ ನೂರೈವತ್ತು ಮೀಟರ್ ದಾಟಿತೋ, ಬಂದೂಕಿನ ಕುದುರೆಯಿಂದ ಬೆರಳು ತೆಗೆದು, ಬದುವಿನ ಮರೆಯಲ್ಲಿ ತೆವಳುತ್ತ ಹತ್ತಿರ ಹೋಗಬೇಕಿತ್ತು.